ಪ್ರಿನ್ಸ್ ಆಫ್ ಪರ್ಷಿಯಾ: ಒಂದಾ, ಎರಡಾ?

ಉಪ್ಪಲ್‌ನ ಬಾಡಿಗೆ ಮನೆಯಿಂದ ಮಾತಾಡ್ತಿದ್ದೀನಿ. ಈ ವಾರ ಎರಡು ಹಳೇ ಆಟ ಮತ್ತೆ ಆಡಿದೆ: 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’, 1993ರ ಅದರ ಎರಡನೇ ಭಾಗ. ಶಾಲೆಯ ಲ್ಯಾಬಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ನಾನು ಆಡ್ತಿದ್ದದ್ದು ಮೊದಲನೆಯದು.

ಮೇಲ್ನೋಟಕ್ಕೆ ಎರಡನೆಯದೇ ದೊಡ್ಡದು. 60 ನಿಮಿಷದ ಗಡುವು 75 ಆಯ್ತು. ಮೊದಲು ಒಬ್ಬೊಬ್ಬನೇ ಕಾವಲುಗಾರ. ಈಗ ಒಟ್ಟಿಗೇ ನಾಲ್ವರು ಮೈಮೇಲೆ ಬೀಳಬಹುದು. ಊರಿನ ಚಾವಣಿ, ಗುಹೆ, ಹಾಳೂರು ಎಲ್ಲಾ ಇದೆ. ಆದರೂ ನನ್ನನ್ನ ಕಾಡೋದು ಮೊದಲನೆಯದೇ. ಯಾಕೆ?

ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನ ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಅದನ್ನೇ ನೋಡಿ ರಾಜಕುಮಾರನ ಒಂದೊಂದು ಭಂಗಿಯನ್ನೂ ಬಿಡಿಸಿದರು. ಅಷ್ಟಕ್ಕೇ ಆಪಲ್‌ನ ಮೆಮೊರಿ ತುಂಬಿತು, ಹೊಸ ಶತ್ರುವಿಗೆ ಜಾಗವಿಲ್ಲ. ಆಗ ಅದೇ ಚಿತ್ರವನ್ನ ಒಂದು ಬಿಟ್ ಸರಿಸಿ ಅದರ ಜೊತೆಗೇ ಎಕ್ಸಾರ್ ಮಾಡಿದರು. ಹುಟ್ಟಿತು ಮಿನುಗುವ ನೆರಳು! ಕನ್ನಡಿಯಿಂದ ಹೊರಬಂದು ನಮ್ಮ ಔಷಧಿ ಕುಡಿದುಬಿಡೋನು ಅವನೇ. ಕೊನೇ ಹಂತದಲ್ಲಿ ಅವನಿಗೆ ಹೊಡೆದರೆ ಪೆಟ್ಟು ನಮಗೇ. ಕತ್ತಿ ಒಳಗಿಟ್ಟರೆ ಇಬ್ಬರೂ ಒಂದಾಗ್ತಾರೆ.

ಎರಡನೆಯದರಲ್ಲೂ ನೆರಳಿದೆ. ಆದರೆ ಅಷ್ಟು ಜನರ ಗದ್ದಲದಲ್ಲಿ ಅವನು ಒಬ್ಬನೇ ಆಗಿ ಉಳಿಯಲ್ಲ.

ಬೆಳಿಗ್ಗೆ ಮೆಟ್ರೋದಲ್ಲಿ ರಾಯದುರ್ಗಕ್ಕೆ ಹೋಗ್ತಾ ಇದೇ ತಲೆಯಲ್ಲಿ ಓಡ್ತಿತ್ತು. ನಮ್ಮ ಟೀಮಿನ ಎರಡನೇ ಆವೃತ್ತಿಗೆ ನಾನೇ ಹನ್ನೊಂದು ಫೀಚರ್ ಪಟ್ಟಿ ಮಾಡಿದ್ದೆ. ಇಳಿಯೋ ಹೊತ್ತಿಗೆ ಏಳನ್ನ ಹೊಡೆದುಹಾಕಿದ್ದೆ. ಮಿಕ್ಕ ನಾಲ್ಕರಲ್ಲಿ ನೆರಳು ಯಾವುದು, ಬರೀ ಕಾವಲುಗಾರ ಯಾವುದು ಅಂತ ಇನ್ನೂ ಯೋಚಿಸ್ತಿದ್ದೀನಿ. ಮುಂದಿನ ವಾರ ಸಿಗೋಣ.