ಬ್ಯಾಂಕಿನ ಹೆಸರಿನ ಕಪಟ ಮಿಂಚಂಚೆ

ಜೋಯಿಡಾದ ಅರಣ್ಯಮಧ್ಯದ ಕೆಲವು ಊರುಗಳಿಂದ ಬ್ಯಾಂಕಿನ ಶಾಖೆಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ ಶಾಖೆಯು ಸಮೀಪದಲ್ಲಿದ್ದರೂ ವೃದ್ಧರಾದ ನಿವೃತ್ತ ಶಿಕ್ಷಕರಿಗೆ ಸರದಿಯಲ್ಲಿ ನಿಲ್ಲುವ ಕಷ್ಟ ತಪ್ಪಿದ್ದಲ್ಲ. ಹೀಗಿರುವಾಗ, ‘ತಮ್ಮ ಖಾತೆಯು ಇಂದು ಸಂಜೆಯೊಳಗೆ ಸ್ಥಗಿತಗೊಳ್ಳುವುದು, ಕೆಳಗಿನ ಕೊಂಡಿಯನ್ನೊತ್ತಿ ವಿವರಗಳನ್ನು ತುಂಬಿರಿ’ ಎಂಬ ಮಿಂಚಂಚೆ ಬಂದರೆ, ಮನೆಯಲ್ಲಿ ಕುಳಿತೇ ಕಾರ್ಯ ಮುಗಿಯಿತೆಂದು ಕೈ ಮುಂದಾಗುವುದು ಸಹಜವೇ.

ಅದರಲ್ಲಿಯೂ ಬ್ಯಾಂಕುಗಳ ಹೆಸರೇ ಬದಲಾಗುತ್ತಿರುವ ಕಾಲವಿದು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಪಾಸ್‌ಬುಕ್ಕಿನಲ್ಲೊಂದು ಹೆಸರು, ಫಲಕದಲ್ಲಿ ಮತ್ತೊಂದು; ‘ವಿಲೀನದ ನಿಮಿತ್ತ ವಿವರ ಬೇಕಾಗಿದೆ’ ಎಂದು ಬರೆದರೆ ನಂಬದವರಾರು?

ಒಕ್ಕಣೆಯ ತಪ್ಪುಗಳಿಂದ ಕಪಟವನ್ನು ಗುರುತಿಸಬಹುದೆಂಬ ಮಾತು ಹಳತಾಯಿತು. ಇಂದು ಯಂತ್ರವೇ ಶುದ್ಧಭಾಷೆಯಲ್ಲಿ ಬರೆದುಕೊಡುವುದರಿಂದ ಭಾಷಾಪಂಡಿತನೂ ಮೋಸಹೋದಾನು. ಕಳುಹಿಸಿದವರ ಹೆಸರೂ ಪ್ರಮಾಣವಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಷ್ಟೆ. ಪರೀಕ್ಷಿಸಬೇಕಾದುದು ಕೊಂಡಿಯ ಹಿಂದೆ ಅಡಗಿರುವ ವಿಳಾಸವನ್ನು. ಗಣಕಯಂತ್ರದಲ್ಲಿ ಮೌಸಿನ ಬಾಣವನ್ನು ಒತ್ತದೆ ಕೊಂಡಿಯ ಮೇಲೆ ಇರಿಸಿದರೆ ಅದು ಕಾಣುತ್ತದೆ.

ಇಲ್ಲಿ ತತ್ಪುರುಷ ಸಮಾಸದ ನಿಯಮವು ನೆರವಿಗೆ ಬರುತ್ತದೆ. ಅರಸನ ಮನೆ ಅರಮನೆ. ಅದು ಮನೆಯೇ ಹೊರತು ಅರಸನಲ್ಲ, ಉತ್ತರಪದಕ್ಕೇ ಪ್ರಾಧಾನ್ಯ. ಅಂತೆಯೇ ಜಾಲತಾಣದ ವಿಳಾಸದಲ್ಲಿಯೂ ಒಡೆಯನು ಕೊನೆಯಲ್ಲಿರುತ್ತಾನೆ. ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ ಮಾಡಿದ ವ್ಯವಸ್ಥೆಯಂತೆ ಭಾರತದ ಬ್ಯಾಂಕುಗಳ ತಾಣಗಳು ‘.ಬ್ಯಾಂಕ್.ಇನ್’ ಎಂದು ಮುಗಿಯತಕ್ಕದ್ದು. ಆ ಅಂತ್ಯಪದವು ಬ್ಯಾಂಕುಗಳಲ್ಲದವರಿಗೆ ದೊರೆಯದು. ‘ಎಸ್‌ಬಿಐ.ಬ್ಯಾಂಕ್.ಇನ್’ ಎಂಬುದು ಸರಿ. ‘ಎಸ್‌ಬಿಐ.ಬ್ಯಾಂಕ್.ಇನ್.ಖಾತೆಸೇವೆ.ಕಾಮ್’ ಎಂದಿದ್ದರೆ ಅದರ ಒಡೆಯ ‘ಖಾತೆಸೇವೆ.ಕಾಮ್’; ಬ್ಯಾಂಕಿನ ಹೆಸರು ಬರಿಯ ವಿಶೇಷಣ. ಹೆಸರಿನ ಮುಂದೆ ಓರೆಗೆರೆಯಿದ್ದರೆ ಅದರಾಚೆಯದನ್ನು ಎಣಿಸಬಾರದು. ಅಕ್ಷರಗಳನ್ನೂ ಬಿಡಿಬಿಡಿಯಾಗಿ ಓದಬೇಕು: ಘಕಾರ ಫಕಾರಗಳು ಅವಸರದ ಕಣ್ಣಿಗೆ ಒಂದೇ ಆಗಿ ತೋರುವಂತೆ, ಇಂಗ್ಲಿಷಿನ ಆರ್, ಎನ್ ಎಂಬ ಸಣ್ಣಕ್ಷರಗಳು ಒತ್ತಾಗಿ ನಿಂತರೆ ಎಂ ಎಂದೇ ತೋರುತ್ತವೆ.

ಸಂಶಯವುಂಟಾದರೆ ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬೇಕು. ಮಿಂಚಂಚೆಯಲ್ಲಿಯೇ ಕೊಟ್ಟ ಸಂಖ್ಯೆಗೆ ಮಾಡಿದರೆ ವಂಚಕನೇ ಉತ್ತರಿಸುವನು. ವಿವರ ಕೊಟ್ಟು ಹಣ ಹೋದುದೇ ಆದರೆ ಒಡನೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ಹಣವು ಮುಂದಿನ ಕೈಗಳಿಗೆ ದಾಟುವ ಮೊದಲೇ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಎರಡು ದಿನ ಕಳೆದವರಿಗೆ ಆ ಅವಕಾಶವು ಬಹುಮಟ್ಟಿಗೆ ತಪ್ಪಿಹೋಗುತ್ತದೆ.