ಹದದ ಅರಿವು: ಧಾರಾವಿಯ ಕಸುಬು, ವಿಜ್ಞಾನ ಮತ್ತು ಸಾರ್ವಜನಿಕ ನೀತಿ

1

ಮುಂಬಯಿಯ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ಹೆಸರಿನ ಬೀದಿಯೊಂದಿದೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಶರಣರ ಕಾಯಕತತ್ತ್ವವನ್ನು ಕುರಿತು ಪಾಠಮಾಡಿ ಹೊರಬಂದಾಗ ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದು, “ಸರ್, ನಾನು ದಿನವೂ ಸಂತ ಕಕ್ಕಯ್ಯ ಮಾರ್ಗದಲ್ಲೇ ನಡೆದು ಬರುತ್ತೇನೆ. ನೀವು ಹೇಳಿದ ಡೋಹರ ಕಕ್ಕಯ್ಯನವರು ಇವರೇನಾ?” ಎಂದು ಕೇಳಿದ. ಅವರೇ ಎಂದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚರ್ಮ ಹದಮಾಡುವ ಕಾಯಕದಲ್ಲಿದ್ದ, ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ, ಬಸವಣ್ಣನವರು ತಮ್ಮ ಬಂಧುವೆಂದು ಕರೆದುಕೊಂಡ ಶರಣ ಅವರು. ಬೆಳಗಾವಿ ಜಿಲ್ಲೆಯ ಕಕ್ಕೇರಿ ಅವರ ಐಕ್ಯಸ್ಥಳವೆಂದು ಪರಂಪರೆ ನಂಬುತ್ತದೆ. ಅವರನ್ನು ಕುಲಗುರುವೆಂದು ಭಾವಿಸುವ ಸಮುದಾಯ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಹರಡಿಕೊಂಡಿದೆ.

ವಿದ್ಯಾರ್ಥಿ ಅಷ್ಟಕ್ಕೆ ಬಿಡಲಿಲ್ಲ. “ನಮ್ಮ ಕಡೆಯವರು ಮಾಡುವ ಕೆಲಸವನ್ನು ಪುಸ್ತಕದಲ್ಲಿ ಕಾಯಕ ಅಂತೀವಿ. ಸರ್ಕಾರದ ಕಾಗದದಲ್ಲಿ ಅದೇ ಜಾಗ ಬರೀ ಕೊಳೆಗೇರಿ. ಯಾಕೆ ಸರ್?” ಎಂದ. ಆ ದಿನ ನನ್ನಲ್ಲಿ ಇದಕ್ಕೆ ತಕ್ಕ ಉತ್ತರವಿರಲಿಲ್ಲ. ಪ್ರಸ್ತುತ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ. ತಂತ್ರಜ್ಞಾನ, ವಿಜ್ಞಾನ, ಸಾರ್ವಜನಿಕ ನೀತಿ ಎಂಬ ಮೂರು ಪದಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅವುಗಳ ನಡುವಣ ಸಂಬಂಧ ಹೇಗಿದೆ, ಎಲ್ಲಿ ಕಡಿದಿದೆ ಎಂಬುದನ್ನು ಧಾರಾವಿಯ ನಿದರ್ಶನದಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ. ನಾನು ಯಂತ್ರವಿರೋಧಿಯಲ್ಲ, ಹೊಸ ಉಪಕರಣಗಳ ಬಗೆಗೆ ಮೊದಲಿನಿಂದಲೂ ಆಸಕ್ತಿಯುಳ್ಳವನು ಎಂಬ ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಲೇಸು.

2

ಮೊದಲು ಪದಗಳ ವಿಚಾರ. ಸಂಸ್ಕೃತದ ‘ತಂತ್ರ’ಕ್ಕೆ ಮಗ್ಗ, ಮಗ್ಗದ ಹಾಸು ಎಂಬ ಹಳೆಯ ಅರ್ಥಗಳಿವೆ. ಎಳೆಯುವುದು, ಚಾಚುವುದು ಎಂಬರ್ಥದ ಧಾತುವಿನಿಂದ ಅದು ಹುಟ್ಟಿದೆ. ‘ತಂತ್ರಜ್ಞಾನ’ ಎಂಬ ನಮ್ಮ ಆಧುನಿಕ ಪದದ ಬೇರು ಹೀಗೆ ನೇಕಾರನ ಗುಂಡಿಯಲ್ಲಿದೆ. ಇಂದು ಮಾತ್ರ ಆ ಪದ ಕೇಳಿದೊಡನೆ ಗಣಕಯಂತ್ರವೋ ಉಪಗ್ರಹವೋ ಕಣ್ಣಮುಂದೆ ಬರುತ್ತದೆಯೇ ಹೊರತು ನೇಕಾರ ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕಿಂತ ಆಪ್ತವಾದ ಇನ್ನೊಂದು ಪದವಿದೆ: ಹದ. ಹಳಗನ್ನಡದ ‘ಪದ’, ‘ಪದನ್’ ರೂಪಗಳಿಂದ ಬಂದ ಈ ಪದವನ್ನು ಬಿತ್ತನೆಯ ನೆಲಕ್ಕೂ ಬೆಲ್ಲದ ಪಾಕಕ್ಕೂ ಕತ್ತಿಯ ಅಲಗಿಗೂ ಬಳಸುತ್ತೇವೆ. ತೊಗಲನ್ನು ಕೊಳೆಯದಂತೆ ಮಾಡುವ ಕ್ರಿಯೆಗೂ ‘ಹದಮಾಡುವುದು’ ಎಂದೇ ಹೆಸರು. ವಸ್ತು ಯಾವ ಗಳಿಗೆಯಲ್ಲಿ ಬೇಕಾದ ಸ್ಥಿತಿಗೆ ಬಂದಿತು ಎಂಬುದನ್ನು ಕೈ, ಕಣ್ಣು, ಮೂಗುಗಳಿಂದ ಅರಿಯುವುದೇ ಹದವರಿಯುವುದು. ಹದವನ್ನು ಬಲ್ಲದ್ದು ಕಸುಬು. ಆ ಹದಕ್ಕೆ ಕಾರಣವೇನೆಂದು ವಿವರಿಸಿ, ಅದನ್ನು ಬೇರೆಡೆಯಲ್ಲೂ ಸಾಧಿಸಬಲ್ಲಂತೆ ಮಾಡುವುದು ವಿಜ್ಞಾನ. ಯಾರ ಅರಿವನ್ನು ಅರಿವೆಂದು ಲೆಕ್ಕಕ್ಕೆ ಹಿಡಿಯಬೇಕು, ಯಾರ ಕೆಲಸಕ್ಕೆ ಜಾಗ, ನೀರು, ಬೆಳಕು, ಸಾಲ ಒದಗಿಸಬೇಕು ಎಂದು ತೀರ್ಮಾನಿಸುವುದು ಸಾರ್ವಜನಿಕ ನೀತಿ. ಈ ಮೂರನೆಯದು ಮೊದಲನೆಯದನ್ನು ಕಾಣದೆಹೋದಾಗ ಏನಾಗುತ್ತದೆ ಎಂಬುದೇ ನಮ್ಮ ಮುಂದಿನ ಪ್ರಶ್ನೆ.

3

ಮಾಹೀಮ್, ಸಾಯನ್, ಮಾಟುಂಗಾಗಳ ನಡುವೆ, ಮಿಠಿ ನದಿಯ ಬದಿಯಲ್ಲಿ, ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ನೆಲದಲ್ಲಿ ಧಾರಾವಿ ಇದೆ. ಮೂಲತಃ ಅದು ಕೋಳಿ ಬೆಸ್ತರ ಊರು. ಈಗಿನ ಜನಸಂಖ್ಯೆಯನ್ನು ಕೆಲವರು ಆರು ಲಕ್ಷವೆಂದರೆ ಕೆಲವರು ಹತ್ತು ಲಕ್ಷವೆನ್ನುತ್ತಾರೆ. ಇಷ್ಟು ದೊಡ್ಡ ಅಂತರವೇ ಆ ಊರಿನ ಬಗೆಗೆ ಆಡಳಿತಕ್ಕಿರುವ ತಿಳಿವಳಿಕೆ ಎಂಥದೆಂಬುದನ್ನು ಸೂಚಿಸುತ್ತದೆ. ಅಲ್ಲಿನ ಅನೇಕ ಕಸುಬುಗಳಲ್ಲಿ ಮೂರನ್ನು ಮಾತ್ರ ನೋಡೋಣ.

ಮೊದಲನೆಯದು ತೊಗಲಿನ ಕೆಲಸ. ಹಸಿ ತೊಗಲು ಬ್ಯಾಕ್ಟೀರಿಯಾಗಳಿಂದ ಬೇಗ ಕೊಳೆಯುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಸಡಿಲಿಸಿ, ತಂಗಡಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ವಾರಗಟ್ಟಲೆ ಇಡುವುದು ನಮ್ಮ ಹಳೆಯ ಪದ್ಧತಿ. ಆ ಒಗರಿನ ಅಂಶ ತೊಗಲಿನ ನಾರುಗಳನ್ನು ಬಿಗಿಯಾಗಿ ಹಿಡಿಯುವುದರಿಂದ ಅದು ಕೊಳೆಯದು ಎಂದು ರಸಾಯನಶಾಸ್ತ್ರ ವಿವರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಕ್ರೋಮಿಯಂ ಲವಣದ ವಿಧಾನ ವಾರಗಳ ಕೆಲಸವನ್ನು ಒಂದೆರಡು ದಿನಗಳಿಗೆ ಇಳಿಸಿತು. ಜೊತೆಗೆ ಚರಂಡಿಗೆ ಹರಿಯುವ ವಿಷವನ್ನೂ ತಂದಿತು. ಧಾರಾವಿಯ ತೊಗಲು ಹದಮಾಡುವ ಕೇಂದ್ರಗಳು ಆ ಶತಮಾನದ ಕೊನೆಯಲ್ಲಿ ನೆಲೆಯೂರಿದ್ದವು. ಬಾಂದ್ರಾದ ಕಸಾಯಿಖಾನೆ 1970ರ ದಶಕದ ಆರಂಭದಲ್ಲಿ ದೇವನಾರಿಗೆ ಸ್ಥಳಾಂತರಗೊಂಡಿತು. ಮುಂದೆ ಮಾಲಿನ್ಯದ ಕಾರಣದಿಂದ ಹದಮಾಡುವ ಕೆಲಸವೂ ಬಹುಮಟ್ಟಿಗೆ ಊರಿನಿಂದ ಹೊರಗೆ ಹೋಯಿತು. ಈಗ ಉಳಿದಿರುವುದು ಮುಖ್ಯವಾಗಿ ಚೀಲ, ಪಟ್ಟಿ, ಪಾಕೀಟುಗಳ ತಯಾರಿಕೆ. 2015ರಲ್ಲಿ ಮಹಾರಾಷ್ಟ್ರದ ಗೋಹತ್ಯಾ ನಿಷೇಧ ಎತ್ತುಗಳಿಗೂ ವಿಸ್ತರಿಸಿದಾಗ ಈ ಕಸುಬು ಮತ್ತೊಮ್ಮೆ ತನ್ನ ದಾರಿಯನ್ನು ಹುಡುಕಿಕೊಳ್ಳಬೇಕಾಯಿತು. ಮಾಲಿನ್ಯ ಕಡಿಮೆ ಮಾಡುವ ವಿಧಾನಗಳು ಇರಲಿಲ್ಲವೆಂದಲ್ಲ. 1948ರಲ್ಲೇ ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಗಿತ್ತು. ಪ್ರಯೋಗಶಾಲೆಯ ಅರಿವು ಹತ್ತಡಿ ಅಗಲದ ಕೋಣೆಯವರೆಗೆ ನಡೆದುಬರಲು ಬೇಕಾದ ದಾರಿಯನ್ನು ಹಾಕುವುದು ನೀತಿಯ ಕೆಲಸವಾಗಿತ್ತು.

ಎರಡನೆಯದು ಕುಂಬಾರವಾಡ. ಸೌರಾಷ್ಟ್ರದಿಂದ ಮುಂಬಯಿಗೆ ಬಂದು ಕೆಲಸಮಾಡುತ್ತಿದ್ದ ಕುಂಬಾರರು ದಕ್ಷಿಣ ಮುಂಬಯಿಯಿಂದ ಎಬ್ಬಿಸಲ್ಪಟ್ಟು 1930ರ ದಶಕದಲ್ಲಿ ಇಲ್ಲಿಗೆ ಬಂದರು. ಇಲ್ಲಿ ಮನೆಯೆಂದರೆ ಮುಂಭಾಗದಲ್ಲಿ ಮಾರಾಟ, ನಡುವೆ ವಾಸ ಹಾಗೂ ಚಕ್ರ, ಹಿಂದೆ ಹಲವು ಕುಟುಂಬಗಳಿಗೆ ಸೇರಿದ ಆವಿಗೆ. ಜೇಡಿಮಣ್ಣಿನೊಳಗೆ ಬೆರೆತುಕೊಂಡ ನೀರು ಸುಮಾರು ಐನೂರು, ಆರುನೂರು ಡಿಗ್ರಿ ಶಾಖದಲ್ಲಿ ಬಿಟ್ಟುಹೋಗುತ್ತದೆ. ಶಾಖ ಅವಸರದಲ್ಲಿ ಏರಿದರೆ ಮಡಕೆ ಸೀಳುತ್ತದೆ. ಕುಂಬಾರ ಇದನ್ನು ಹೊಗೆಯ ಬಣ್ಣದಿಂದ, ಬೆಂಕಿಯ ಕೆಂಪಿನಿಂದ ಅಳೆಯುತ್ತಾನೆ. ಹರಿಹರನು ಕುಂಬಾರ ಗುಂಡಯ್ಯನನ್ನು ಕುರಿತ ರಗಳೆಯಲ್ಲಿ ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿಯುವುದನ್ನು ಚಿತ್ರಿಸಿದ್ದಾನೆ. ಆ ಕಾವ್ಯದ ಸೊಗಸನ್ನು ಸವಿಯುವ ನಾವು, ಬಟ್ಟೆಯ ಚಿಂದಿಯನ್ನು ಉರಿಸಿದ ಆವಿಗೆಯ ಹೊಗೆಯನ್ನು ಅದೇ ಕುಂಬಾರನ ಮಕ್ಕಳು ದಿನವೂ ಕುಡಿಯುತ್ತಾರೆಂಬುದನ್ನು ಮರೆಯಬಾರದು. ಕಸುಬುದಾರನ ಜಾಣ್ಮೆಯನ್ನು ಹೊಗಳಿ ಅವನ ಶ್ವಾಸಕೋಶವನ್ನು ಮರೆಯುವ ಮೆಚ್ಚುಗೆ ಪ್ರಾಮಾಣಿಕವಾದುದಲ್ಲ.

ಮೂರನೆಯದು ಪ್ಲಾಸ್ಟಿಕ್ ಮರುಬಳಕೆ. ತೇರಾ ಕಂಪೌಂಡ್ ಎಂದು ಕರೆಯಲಾಗುವ ಪ್ರದೇಶದಲ್ಲಿ ನಗರ ಎಸೆದ ಡಬ್ಬಿ, ಬಕೆಟ್ಟು, ಆಟಿಕೆಗಳು ಬಂದು ಬೀಳುತ್ತವೆ. ಕೆಲಸಗಾರರು ಅವನ್ನು ಬಣ್ಣದಿಂದಲೂ ಜಾತಿಯಿಂದಲೂ ಬೇರ್ಪಡಿಸುತ್ತಾರೆ. ಚೂರನ್ನು ಬಗ್ಗಿಸಿ ನೋಡುವುದು, ಬಡಿದು ಸದ್ದು ಕೇಳುವುದು, ತುದಿಗೆ ಕಿಡಿ ತಾಗಿಸಿ ವಾಸನೆ ಹಿಡಿಯುವುದು ಅವರ ಪರೀಕ್ಷೆಗಳು. ನೀರಿಗೆ ಹಾಕಿದಾಗ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ತೇಲುತ್ತವೆ. ಪಿವಿಸಿ, ಪೆಟ್ ಬಾಟಲಿಯ ಚೂರುಗಳು ಮುಳುಗುತ್ತವೆ. ಇದು ಸಾಂದ್ರತೆಯ ಪಾಠವೇ ಸರಿ. ಬೇರ್ಪಟ್ಟ ಚೂರುಗಳನ್ನು ತೊಳೆದು, ಮಾಡಿನ ಮೇಲೆ ಒಣಗಿಸಿ, ಕರಗಿಸಿ, ಎಳೆಗಳಾಗಿ ತೆಗೆದು ಕಾಳುಗಳಾಗಿ ಕತ್ತರಿಸುತ್ತಾರೆ. 2016ರ ತ್ಯಾಜ್ಯ ನಿಯಮಗಳು ಚಿಂದಿ ಆಯುವವರನ್ನು ಹೆಸರಿಸಿ ಗುರುತಿಸಿದುವು. 2022ರ ಮಾರ್ಗಸೂಚಿಗಳು ಪ್ಲಾಸ್ಟಿಕ್ ಉತ್ಪಾದಕರ ಹೊಣೆಯನ್ನು ವಿಸ್ತರಿಸಿ, ಮರುಬಳಕೆದಾರರ ನೋಂದಣಿಯನ್ನು ಕಡ್ಡಾಯಗೊಳಿಸಿದುವು. ಆಶಯ ಒಳ್ಳೆಯದು. ಆದರೆ ಭೋಗ್ಯಪತ್ರವಿಲ್ಲದ, ಪರವಾನಗಿಯಿಲ್ಲದ ಕೋಣೆಯಲ್ಲಿ ಕೆಲಸಮಾಡುವವನು ನೋಂದಣಿಯ ಮೊದಲ ಮೆಟ್ಟಿಲನ್ನೇ ಏರಲಾರ. ನಗರದ ಕಸವನ್ನು ಕಡಿಮೆ ಮಾಡುವವನು ಕಾಗದದಲ್ಲಿ ಅನಧಿಕೃತನಾಗಿಯೇ ಉಳಿಯುತ್ತಾನೆ.

4

ವಿಜ್ಞಾನ ಮತ್ತು ನೀತಿಗಳು ಕೂಡಿಬಂದ ಸಂದರ್ಭವೂ ಧಾರಾವಿಯ ಚರಿತ್ರೆಯಲ್ಲಿದೆ. 2020ರ ಏಪ್ರಿಲ್ 1ರಂದು ಅಲ್ಲಿ ಕೋವಿಡ್‌ನ ಮೊದಲ ಪ್ರಕರಣ ವರದಿಯಾಯಿತು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವ, ಬಹುಪಾಲು ಜನ ಸಾಮುದಾಯಿಕ ಶೌಚಾಲಯವನ್ನೇ ಅವಲಂಬಿಸಿದ್ದ ಊರಿನಲ್ಲಿ ‘ದೂರವಿರಿ’ ಎಂಬ ಸೂಚನೆಗೆ ಅರ್ಥವಿರಲಿಲ್ಲ. ಮಹಾನಗರ ಪಾಲಿಕೆಯ ಅಧಿಕಾರಿಗಳು ರೋಗಿ ಬರಲೆಂದು ಕಾಯದೆ ತಾವೇ ರೋಗವನ್ನು ಹುಡುಕಿಕೊಂಡು ಹೋದರು. ಊರಿನ ಖಾಸಗಿ ವೈದ್ಯರನ್ನೇ ಜೊತೆಗೆ ಸೇರಿಸಿಕೊಂಡರು. ಜ್ವರ ತಪಾಸಣೆಯ ಶಿಬಿರ ನಡೆಸಿದರು, ಬೆರಳಿಗೆ ಸಿಕ್ಕಿಸುವ ಸಣ್ಣ ಉಪಕರಣದಿಂದ ರಕ್ತದ ಆಮ್ಲಜನಕ ಅಳೆದರು, ಶಾಲೆ, ಮದುವೆಮಂಟಪಗಳನ್ನು ಪ್ರತ್ಯೇಕವಾಸಕ್ಕೆ ಬಳಸಿದರು, ಶೌಚಾಲಯಗಳನ್ನು ದಿನಕ್ಕೆ ಹಲವು ಸಲ ಶುದ್ಧಗೊಳಿಸಿದರು. ಆ ವರ್ಷದ ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಇಟಲಿ, ಸ್ಪೇನ್, ದಕ್ಷಿಣ ಕೊರಿಯಾಗಳ ಜೊತೆಗೆ ಧಾರಾವಿಯ ಹೆಸರನ್ನೂ ಮೆಚ್ಚಿ ಹೇಳಿದರು.

ಇಲ್ಲಿ ವಿಜ್ಞಾನ ಕಲಿಸುವ ಸಂಯಮವನ್ನೂ ಗಮನಿಸಬೇಕು. ಅದೇ ಜುಲೈಯಲ್ಲಿ ನಗರದ ಬೇರೆ ಮೂರು ವಾರ್ಡುಗಳಲ್ಲಿ ನೀತಿ ಆಯೋಗ, ಮಹಾನಗರ ಪಾಲಿಕೆ ಹಾಗೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳು ನಡೆಸಿದ ರಕ್ತಪರೀಕ್ಷೆಯಲ್ಲಿ ಕೊಳೆಗೇರಿ ನಿವಾಸಿಗಳ ಪೈಕಿ ಶೇಕಡಾ 57 ಮಂದಿಯಲ್ಲಿ, ಇತರರ ಪೈಕಿ ಶೇಕಡಾ 16 ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದುವು. ಸೋಂಕು ದಾಖಲೆಗಿಂತ ಬಹಳ ಹೆಚ್ಚಾಗಿ, ಸದ್ದಿಲ್ಲದೆ ಹಬ್ಬಿತ್ತೆಂದು ಇದರಿಂದ ತಿಳಿಯುತ್ತದೆ. ಆದ್ದರಿಂದ ಧಾರಾವಿಯಲ್ಲಿ ರೋಗ ಇಳಿದದ್ದಕ್ಕೆ ಕ್ರಮಗಳೊಂದೇ ಕಾರಣವೆಂದು ಸಾಧಿಸುವುದು ಅವಸರವಾದೀತು. ಆದರೂ ಒಂದು ಮಾತು ನಿಲ್ಲುತ್ತದೆ: ಊರು ಹೇಗೆ ಬದುಕುತ್ತದೆ ಎಂಬುದನ್ನು ಮೊದಲು ತಿಳಿದು ರೂಪಿಸಿದ ನೀತಿಗೆ ಜನ ಕೈಜೋಡಿಸಿದರು.

5

ಈ ಪಾಠವನ್ನು ಈಗಿನ ಪುನರ್ವಿಕಾಸ ಯೋಜನೆಗೆ ಹೋಲಿಸಿ ನೋಡಬೇಕಾಗಿದೆ. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಮುಂಬಯಿಗೆ ಘೋಷಿಸಿದ 100 ಕೋಟಿ ರೂಪಾಯಿಗಳ ಅನುದಾನದಲ್ಲಿ ಒಂದು ಭಾಗ ಧಾರಾವಿಗೆ ಸಂದಿತು. 2004ರಲ್ಲಿ ಸಮಗ್ರ ಪುನರ್ವಿಕಾಸಕ್ಕೆ ರಾಜ್ಯ ಸರ್ಕಾರ ಒಪ್ಪಿಗೆಯಿತ್ತಿತು. ಹಲವು ಟೆಂಡರುಗಳು ಬಂದು ಹೋದ ಮೇಲೆ 2022ರ ನವೆಂಬರಿನಲ್ಲಿ ಅದಾನಿ ಸಮೂಹದ 5,069 ಕೋಟಿ ರೂಪಾಯಿಗಳ ಬಿಡ್ ಮೇಲಾಯಿತು. 2023ರಲ್ಲಿ ಸರ್ಕಾರ ಗುತ್ತಿಗೆಯನ್ನು ಅಂತಿಮಗೊಳಿಸಿತು. ರಾಜ್ಯದ ಪಾಲು ಶೇಕಡಾ 20 ಇರುವ ಜಂಟಿ ಕಂಪನಿಗೆ ಕೆಲಸವನ್ನು ಒಪ್ಪಿಸಲಾಯಿತು. 2024ರ ಮಾರ್ಚಿನಲ್ಲಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. ಡ್ರೋನುಗಳೂ ಲೇಸರ್ ಕಿರಣದಿಂದ ಗೋಡೆಗಲ್ಲಿಗಳನ್ನು ಅಳೆಯುವ ಸಾಧನಗಳೂ ಬಂದುವು.

ತಂತ್ರಜ್ಞಾನಾಭಿಮಾನಿಯಾಗಿ ಈ ಅಳತೆಯ ನಿಖರತೆಗೆ ನಾನು ಬೆರಗಾಗಿದ್ದೇನೆ. ಆದರೆ ಅಳೆಯುವ ಮುನ್ನ ಏನನ್ನು ಅಳೆಯಬೇಕೆಂದು ತೀರ್ಮಾನಿಸುವವನು ಮನುಷ್ಯ. ಯೋಜನೆಯ ನಿಯಮದಂತೆ 2000ದ ಜನವರಿ 1ಕ್ಕಿಂತ ಮೊದಲಿನಿಂದ ನೆಲಮಹಡಿಯಲ್ಲಿದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ ಉಚಿತ. ಅನಂತರ 2011ರ ಜನವರಿ 1ರವರೆಗಿನವರಿಗೆ ಧಾರಾವಿಯ ಹೊರಗೆ, ಎರಡೂವರೆ ಲಕ್ಷ ರೂಪಾಯಿಗೆ, 300 ಚದರಡಿ. ಆಮೇಲಿನವರಿಗೂ ಮೇಲಂತಸ್ತಿನವರಿಗೂ ಹೊರಗಡೆ ಬಾಡಿಗೆಯ ಕ್ರಮದಲ್ಲಿ ಮನೆ. ಈ ವಿಂಗಡಣೆ ಆಧರಿಸಿರುವುದು ಎರಡನ್ನು: ಯಾವ ದಿನಾಂಕ, ಯಾವ ಮಹಡಿ. ಧಾರಾವಿಯಲ್ಲಿ ಮೇಲಂತಸ್ತೆಂದರೆ ಅನೇಕ ವೇಳೆ ಕೆಳಗಿನ ಕೋಣೆಯಲ್ಲಿ ದುಡಿಯುವವನು ಏಣಿ ಹತ್ತಿ ಮಲಗುವ ಅಟ್ಟ. ಕೆಳಗಿನ ಕೆಲಸ ಒಂದೂರಿನಲ್ಲಿ, ಮೇಲಿನ ಕೆಲಸಗಾರ ಇನ್ನೊಂದೂರಿನಲ್ಲಿ ಎಂದಾದರೆ ಕಸುಬು ಉಳಿಯುವುದು ಹೇಗೆ? ಗೋಡೆಯ ಉದ್ದಗಲ ಲೇಸರಿಗೆ ತಿಳಿಯುತ್ತದೆ. ಆವಿಗೆ ಎಷ್ಟು ಮನೆಗಳ ಪಾಲು, ತೊಳೆದ ಪ್ಲಾಸ್ಟಿಕ್ ಒಣಗುವ ಮಾಡು ಯಾರದು, ಈ ಗಲ್ಲಿಯ ಕಾಳು ಯಾವ ಗಲ್ಲಿಯ ಅಚ್ಚಿಗೆ ಹೋಗುತ್ತದೆ ಎಂಬುದು ಕೇಳಿದರಷ್ಟೇ ತಿಳಿಯುತ್ತದೆ. ಎಂಟನೆಯ ಮಹಡಿಯ 350 ಚದರಡಿಯಲ್ಲಿ ಆವಿಗೆ ಹೂಡಲಾಗದು.

ಹಾಗೆಂದು ಇದ್ದ ಸ್ಥಿತಿಯೇ ಇರಲಿ ಎನ್ನುವುದು ಅನ್ಯಾಯ. ತನ್ನದೇ ನಲ್ಲಿ, ತನ್ನದೇ ಶೌಚಾಲಯ ಬೇಕೆಂದು ಬಯಸುವ ತಾಯಿಗೆ ಗಲ್ಲಿಯ ಬದುಕಿನ ಸೊಬಗನ್ನು ಬೋಧಿಸುವ ಹಕ್ಕು ಯಾವ ಪ್ರಾಧ್ಯಾಪಕನಿಗೂ ಇಲ್ಲ. ಬೇಕಾಗಿರುವುದು ಹೆಚ್ಚು ತಂತ್ರಜ್ಞಾನ: ಹೊಗೆ ಕಡಿಮೆಯಾದ ಆವಿಗೆ, ಕರಗುವ ಪ್ಲಾಸ್ಟಿಕ್ಕಿನ ಆವಿಯನ್ನು ಹೀರುವ ಯಂತ್ರ, ಕೊಳೆನೀರನ್ನು ಶುದ್ಧಗೊಳಿಸುವ ಸಾಮೂಹಿಕ ಘಟಕ. ಕಸುಬುದಾರರನ್ನು ಕೂರಿಸಿಕೊಂಡು ರೂಪಿಸಿದರೆ ಇವು ಅಸಾಧ್ಯವಲ್ಲ.

6

ವಿಜ್ಞಾನವನ್ನು ಪ್ರೀತಿಸುವವನು ನೀತಿಯನ್ನು ಪ್ರಶ್ನಿಸಬಾರದೆಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಕನ್ನಡದ ಪರಂಪರೆ ಹಾಗೆ ಹೇಳುವುದಿಲ್ಲ. ‘ವಿಜ್ಞಾನ ಪ್ರಪಂಚ’ದ ಸಂಪುಟಗಳ ಮೂಲಕ ವಿಜ್ಞಾನವನ್ನು ಕನ್ನಡಿಗರ ಮನೆಗೆ ತಂದ ಶಿವರಾಮ ಕಾರಂತರೇ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಅವರು ಸೋತರು. ಆದರೆ ತಿಳಿದವನಿಗೆ ಪ್ರಶ್ನಿಸುವ ಹೊಣೆ ಹೆಚ್ಚು ಎಂಬುದನ್ನು ತೋರಿಸಿಕೊಟ್ಟರು.

ಕನ್ನಡ ವಿಭಾಗಕ್ಕೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ವಚನಗಳಲ್ಲಿ ಬರುವ ಕಸುಬಿನ ಪದಗಳಿಗೆ ನಾವು ನಿಘಂಟಿನಲ್ಲಿ ಅರ್ಥ ಹುಡುಕುತ್ತೇವೆ. ಅವುಗಳ ಜೀವಂತ ನೆರೆಹೊರೆ ನಮ್ಮ ನಗರದಲ್ಲೇ ಇದೆ. ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಕಸುಬಿನ ಪದ, ಉಪಕರಣ, ಕ್ರಮಗಳನ್ನು ಅವು ಚದುರಿಹೋಗುವ ಮುನ್ನ ದಾಖಲಿಸಿದರೆ ಅದು ಭಾಷಾಶಾಸ್ತ್ರಕ್ಕೂ ಲಾಭ, ನಾಳೆ ಕಸುಬುದಾರ ಅಧಿಕಾರಿಯ ಮುಂದೆ ಇಡಬಹುದಾದ ಕಾಗದವೂ ಹೌದು. ಕಾಗದವಿಲ್ಲದವನ ಅರಿವು ಲೆಕ್ಕಕ್ಕೆ ಬರುವುದಿಲ್ಲ ಎಂಬುದೇ ಅಂದು ಆ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ.

ಪುನರ್ವಿಕಾಸದ ಅನಂತರವೂ ಸಂತ ಕಕ್ಕಯ್ಯ ಮಾರ್ಗದ ಫಲಕ ಅಲ್ಲೇ ಉಳಿಯಬಹುದು. ಫಲಕದ ಕೆಳಗೆ ಹದವನ್ನು ಬಲ್ಲ ಒಂದು ಕೈಯಾದರೂ ಉಳಿದಿದೆಯೇ ಎಂಬುದರಿಂದ ಆ ನೀತಿಯನ್ನು ಅಳೆಯಬೇಕು.