ನಿಮಗಿದು ಗೊತ್ತೆ? ನೂರಕ್ಕೆ 90 ಸಾವು!
1861ರಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90.84! ಫ್ಲಾರೆನ್ಸ್ ನೈಟಿಂಗೇಲ್ 1863ರ ತಮ್ಮ ಪುಸ್ತಕದಲ್ಲಿ ಕೊಟ್ಟ ಅಂಕಿ ಇದು. ಹಾಗೆಂದು ಹತ್ತರಲ್ಲಿ ಒಂಬತ್ತು ರೋಗಿಗಳೇನೂ ಸತ್ತಿರಲಿಲ್ಲ. ಲೆಕ್ಕ ಹಾಕಿದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್, ಇಡೀ ವರ್ಷದ ಸಾವುಗಳನ್ನು ಏಪ್ರಿಲ್ 8ರ ಒಂದೇ ದಿನ ಒಳರೋಗಿಗಳಾಗಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ವೈದ್ಯರು ಸಿಡಿದೆದ್ದರು. ಅವರ ಇನ್ನೊಂದು ತಕರಾರು ಇನ್ನೂ ತೂಕದ್ದು: ಗಂಭೀರ ರೋಗಿಗಳೇ ಬರುವ ದೊಡ್ಡಾಸ್ಪತ್ರೆಯನ್ನು ಸಣ್ಣ ಊರಿನ ಆಸ್ಪತ್ರೆಯೊಂದಿಗೆ ಹೋಲಿಸುವುದು ಯಾವ ನ್ಯಾಯ?

ಇಂಥ ಅನ್ಯಾಯ ತಪ್ಪಿಸಲು ನ್ಯೂಯಾರ್ಕ್ ರಾಜ್ಯ 1989ರಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ ಗಮನಿಸಿ ಮೊದಲು ‘ನಿರೀಕ್ಷಿತ ಸಾವು’ ಅಂದಾಜಿಸಿ, ಬಳಿಕ ನಿಜ ಸಂಖ್ಯೆಯೊಂದಿಗೆ ತಾಳೆ ನೋಡತೊಡಗಿತು. 1992ರ ಹೊತ್ತಿಗೆ, ಹೀಗೆ ಹೊಂದಿಸಿದ ಸಾವಿನ ಪ್ರಮಾಣ ಶೇ 4.17ರಿಂದ 2.45ಕ್ಕೆ ಇಳಿದಿತ್ತು. ಅಂಕಿ ಕೆಡುವ ಭಯದಿಂದ ವೈದ್ಯರು ಕಷ್ಟದ ರೋಗಿಗಳನ್ನು ದೂರವಿಟ್ಟರೆಂಬ ದೂರೂ ಇದೆ.